ಗಾಯಕ್ಕೆ ಹಾಕುವ ಕೊಲಾಜನ್ ಹಾಳೆ ಚರ್ಮವಾಗಿ ಅಂಟಿಕೊಳ್ಳುತ್ತಾ?

ಗದಗಿನ ಓದುಗರೊಬ್ಬರ ಪ್ರಶ್ನೆ: "ಅಪ್ಪನಿಗೆ ಶುಗರ್ ಇದೆ. ಹುಬ್ಬಳ್ಳಿಯಲ್ಲಿ ಪಾದದ ಆಪರೇಷನ್ ಆಗಿ ಎರಡು ತಿಂಗಳಾಯ್ತು, ಗಾಯ ಇನ್ನೂ ಕೂಡಿಲ್ಲ. ಈಗ ಕೊಲಾಜನ್ ಹಾಳೆ ಹಾಕೋಣ ಅಂತಿದ್ದಾರೆ. ಅದೇ ಚರ್ಮ ಆಗುತ್ತಾ? ತೊಡೆಯಿಂದ ಚರ್ಮ ತೆಗೆಯೋದು ತಪ್ಪುತ್ತಾ?"

ಇಲ್ಲ, ಆ ಹಾಳೆ ಚರ್ಮ ಆಗುವುದಿಲ್ಲ. ಕೊಲಾಜನ್ ಅಂದರೆ ಚರ್ಮ, ಎಲುಬಿನಲ್ಲಿ ಇರುವ ಒಂದು ಪ್ರೋಟೀನ್, ಅದರಿಂದ ಮಾಡಿದ ಹಾಳೆ ಇದು. ಬಳ್ಳಿಗೆ ಚಪ್ಪರ ಹಾಕ್ತೀವಲ್ಲ, ಅದರ ಕೆಲಸ ಅಷ್ಟೇ. ಹಬ್ಬಬೇಕಾದ್ದು ಅಪ್ಪನ ಮೈಯ ಜೀವಕೋಶಗಳೇ. ಅವು ಹಬ್ಬುತ್ತಾ ಹೋದ ಹಾಗೆ ಹಾಳೆ ಕರಗುತ್ತದೆ.

ನಮ್ಮ ಸೋದರಮಾವನಿಗೆ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನರ್ಸ್ ಪ್ಯಾಕೆಟ್ ಕತ್ತರಿಸಿ, ದ್ರವದಲ್ಲಿ ನೆನೆದಿದ್ದ ತೆಳ್ಳನೆ ಹಾಳೆಯನ್ನು ತೆಗೆದು ಸಲೈನಿನಲ್ಲಿ ಚೆನ್ನಾಗಿ ತೊಳೆದರು, ಆಮೇಲೆ ಗಾಯದ ಮೇಲೆ ಹಾಸಿ, ಅಡಿಯಲ್ಲಿ ಗಾಳಿ ನಿಲ್ಲದ ಹಾಗೆ ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋದರು. ಮೊಟ್ಟೆ ಸಿಪ್ಪೆಯ ಒಳಗಿನ ಪೊರೆ ಇರುತ್ತಲ್ಲ, ಥೇಟ್ ಹಾಗೇ ಕಾಣುತ್ತಿತ್ತು. ಇದನ್ನು ದನದಿಂದಲೋ ಮೀನಿನಿಂದಲೋ ತೆಗೆದ ಕೊಲಾಜನ್‌ನಿಂದ ಮಾಡಿರುತ್ತಾರೆ. ನಿಮ್ಮ ಮನೆಯಲ್ಲಿ ಅದು ಮುಖ್ಯ ಅನಿಸಿದರೆ ಮೊದಲೇ ಕೇಳಿ, ಸಂಕೋಚ ಬೇಡ.

ಆದರೆ ಹದ ಬಾರದ ಹೊಲಕ್ಕೆ ಎಂಥ ಬೀಜ ಬಿತ್ತಿದರೂ ಏಳಲ್ಲ, ಅಲ್ವಾ? ಇಲ್ಲೂ ಹಾಗೇ. ಸತ್ತ ಮಾಂಸ ಕತ್ತರಿಸಿ ತೆಗೆದಿರಬೇಕು, ಕೀವು ನಿಂತಿರಬೇಕು, ಪಾದದವರೆಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಎಂದು ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡಿರಬೇಕು, ಶುಗರ್ ಹಿಡಿತಕ್ಕೆ ಬಂದಿರಬೇಕು. ಗಾಯದ ತಳ ದಾಳಿಂಬೆ ಕಾಳಿನ ಹಾಗೆ ಕೆಂಪಗೆ, ಹರಳು ಹರಳಾಗಿ ಕಂಡರೆ ಹದ ಬಂದಿದೆ ಅಂತ. ಇದ್ಯಾವುದೂ ಆಗದೆ ಹಾಳೆ ಹಾಕಿದರೆ ಸುಮ್ನೆ ದುಡ್ಡು ದಂಡ. ಅಪ್ಪ ಆ ಪಾದ ಊರಿ ಓಡಾಡುತ್ತಿದ್ದರಂತೂ ಯಾವ ಹಾಳೆಯೂ ನಿಲ್ಲಲ್ಲ.

ತೊಡೆಯ ವಿಷಯ. ಗಾಯ ಚಿಕ್ಕದಿದ್ದರೆ ಅಂಚಿನಿಂದ ಚರ್ಮ ತಾನೇ ಬೆಳೆದು ಕೂಡಬಹುದು. ದೊಡ್ಡದಿದ್ದರೆ ಕಸಿ, ಅಂದರೆ ತೊಡೆಯಿಂದ ಚರ್ಮ ತೆಗೆದು ಗಾಯಕ್ಕೆ ಹಾಕುವುದು, ಬೇಕಾಗುತ್ತದೆ. ಎಲುಬು, ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಬಯಲಾಗಿದ್ದರೆ ಮಾತ್ರ ಕಸಿ ನೇರವಾಗಿ ಹಿಡಿಯುವುದು ಕಷ್ಟ, ಯಾಕೆಂದರೆ ಅಲ್ಲಿ ಅದಕ್ಕೆ ರಕ್ತ ಸಿಗಲ್ಲ. ಅಂಥ ಕಡೆ ಇಂಟೆಗ್ರಾ ತರಹದ ಎರಡು ಪದರದ ಬದಲಿ ಚರ್ಮ ಬಳಸುತ್ತಾರೆ. ಅಡಿಯಲ್ಲಿ ದನದ ಕೊಲಾಜನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯ (ಮೆದು ಎಲುಬಿನ) ಅಂಶ, ಮೇಲೆ ಸಿಲಿಕೋನ್. ಅಮೆರಿಕದಲ್ಲಿ ಸುಟ್ಟಗಾಯಗಳಿಗೆಂದು 1996ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. 2–3 ವಾರದಲ್ಲಿ ಅಡಿಯ ಪದರಕ್ಕೆ ರಕ್ತನಾಳ ಹಬ್ಬುತ್ತವೆ. ಆಗ ಸಿಲಿಕೋನ್ ಸುಲಿದು ತೆಳ್ಳನೆ ಚರ್ಮ ಹೊದಿಸುತ್ತಾರೆ. ಅಂದರೆ ಕೊನೆಗೆ ಬೇಕಾಗುವುದು ಅಪ್ಪನ ಚರ್ಮವೇ. ಇದು ದುಬಾರಿ, ಹಾಗಾಗಿ ಆರೋಗ್ಯ ಯೋಜನೆಯಲ್ಲಿ ಬರುತ್ತದಾ ಎಂದು ಮೊದಲೇ ವಿಚಾರಿಸಿ. ತೊಡೆಗೆ ಜಾಸ್ತಿ ಹೆದರಬೇಡಿ. ಅಲ್ಲಿ ತೆಗೆಯುವುದು ಮೇಲಿನ ತೆಳು ಪದರ ಮಾತ್ರ, ಸಾಮಾನ್ಯವಾಗಿ ಎರಡು ವಾರದಲ್ಲಿ ಮಾಯುತ್ತದೆ, ಶುಗರ್ ಇದ್ದವರಿಗೆ ಸ್ವಲ್ಪ ತಡ ಆಗಬಹುದು.

ಇನ್ನೊಂದು ಮಾತು. ಹಾಳೆ ಕರಗುವಾಗ ಹಳದಿ ಲೋಳೆ ಕಾಣಬಹುದು, ಅದೆಲ್ಲ ಕೀವಲ್ಲ. ಮನೆಯಲ್ಲಿ ಕಿತ್ತು ನೋಡಬೇಡಿ. ಆದರೆ ಕೆಟ್ಟ ವಾಸನೆ, ಜ್ವರ, ಕಣಕಾಲಿನ ಕಡೆ ಏರುವ ಕೆಂಪು ಕಂಡರೆ ಮುಂದಿನ ಡ್ರೆಸಿಂಗ್ ದಿನಕ್ಕೆ ಕಾಯದೆ ಅವತ್ತೇ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಹೊರಡಿ. ಅಪ್ಪ "ನೋವೇನಿಲ್ಲ ಬಿಡು" ಅಂದರೂ ಹೊರಡಿ, ಶುಗರ್ ಇರುವ ಪಾದಕ್ಕೆ ನೋವೇ ಗೊತ್ತಾಗದೆ ಇರಬಹುದು.