ಒಂದೇ ತೊಗಲು, ಹಲವು ದನಿ: ಕ್ಯೂಬಾದ ಕಾಂಗಾ

ಕಾಂಗಾ ಬಾರಿಸಲು ಕೋಲು ಬೇಕಿಲ್ಲ. ಮೃದಂಗಕ್ಕಿರುವಂತೆ ತೊಗಲಿನ ನಡುವೆ ಕರಣೆಯೂ (ಕಪ್ಪು ಲೇಪ) ಇಲ್ಲ. ಸುಮಾರು 30 ಇಂಚು ಎತ್ತರದ, ಹೊಟ್ಟೆ ಉಬ್ಬಿದ ಮರದ ಪೀಪಾಯಿ, ಮೇಲೆ ಎಮ್ಮೆ, ದನ ಅಥವಾ ಹೇಸರಗತ್ತೆಯ ದಪ್ಪ ತೊಗಲು, ಕೆಳಗೆ ತೆರೆದ ಬಾಯಿ. ಕ್ಯೂಬಾದಲ್ಲಿ ಇದರ ಹೆಸರು ಟುಂಬಾಡೋರಾ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶಸ್ಥರು ರೂಪಿಸಿದ ಈ ವಾದ್ಯವನ್ನು ಕ್ಯೂಬಾದ ಸಂಗೀತಗಾರ ಆರ್ಸೇನಿಯೋ ರೋಡ್ರಿಗೇಸ್ 1940ರ ಸುಮಾರಿಗೆ ತಮ್ಮ ಸೋನ್ (ಅಲ್ಲಿನ ಜನಪ್ರಿಯ ನೃತ್ಯಸಂಗೀತ) ಮೇಳಕ್ಕೆ ತಂದರು. ಮುಂದೆ ಅದಿಲ್ಲದೆ ಲ್ಯಾಟಿನ್ ನೃತ್ಯಸಂಗೀತವೇ ಇಲ್ಲ ಎಂಬಂತಾಯಿತು.

ಇಷ್ಟು ಸರಳ ವಾದ್ಯ ಇಷ್ಟೊಂದು ಬಗೆಯ ದನಿ ಕೊಡುವುದು ಹೇಗೆ? ಬಿಗಿದ ತೊಗಲು ಏಕಕಾಲಕ್ಕೆ ಹಲವು ರೀತಿಯಲ್ಲಿ ಕಂಪಿಸಬಲ್ಲದು. ಆದರ್ಶ ವೃತ್ತಾಕಾರದ ಪೊರೆಯಲ್ಲಿ ಮೂಲ ಕಂಪನವನ್ನು 1 ಎಂದಿಟ್ಟುಕೊಂಡರೆ ಮುಂದಿನವು 1.59, 2.14, 2.30 ಹೀಗೆ ಏರುತ್ತವೆ. ಇವುಗಳಲ್ಲಿ ಯಾವುದು ಕೇಳಬೇಕು, ಯಾವುದು ಅಡಗಬೇಕು ಎಂಬುದನ್ನು ಕೈ ಬೀಳುವ ಜಾಗ ಮತ್ತು ಅದು ಅಲ್ಲಿ ನಿಲ್ಲುವ ಹೊತ್ತು ತೀರ್ಮಾನಿಸುತ್ತವೆ.

ತೆರೆದ ಬಡಿತಕ್ಕೆ ನಾಲ್ಕೂ ಬೆರಳು ಜೋಡಿಸಿ, ಬೆರಳಿನ ಬುಡ ಅಂಚಿನ ಮೇಲೆ ಬರುವಂತೆ ಹೊಡೆದು, ಬಿಸಿ ಕಾವಲಿ ಮುಟ್ಟಿದವರಂತೆ ಕೈ ತೆಗೆಯಬೇಕು. ಕೈ ಕ್ಷಣ ಹೆಚ್ಚು ನಿಂತರೂ ನಾದ ಸಾಯುತ್ತದೆ. ಹೆಬ್ಬೆರಳು ಎತ್ತಿರಬೇಕು, ಅದು ಅಂಚಿಗೆ ಬಡಿದರೆ ನೋವು ಖಂಡಿತ. ಸ್ಲ್ಯಾಪ್‌ಗೆ, ಅಂದರೆ ಚಟ್ಟನೆ ಸಿಡಿಯುವ ಹೊಡೆತಕ್ಕೆ, ಅಂಗೈಯನ್ನು ತುಸು ಬಟ್ಟಲಾಗಿಸಿ ಬೆರಳ ತುದಿಗಳನ್ನು ಬೀಸಿ, ಅಲ್ಲೇ ಒತ್ತಿ ಹಿಡಿಯುತ್ತಾರೆ. ಆಗ ತಗ್ಗಿನ ಕಂಪನಗಳು ಅಡಗಿ, ಮೇಲಿನವು ಮಾತ್ರ ಸಿಡಿಯುತ್ತವೆ. ಹೊಸಬರು ಬಲ ಹಾಕಿ ಇದನ್ನು ಪಡೆಯಲು ಹೊರಟು ಕೈ ಊದಿಸಿಕೊಳ್ಳುತ್ತಾರೆ. ಬೇಕಿರುವುದು ಬೆರಳ ತುದಿಯ ವೇಗ. ನಡುವೆ ಇಡೀ ಅಂಗೈಯಿಂದ ಹೊಡೆದರೆ ಪೀಪಾಯಿಯೊಳಗಿನ ಗಾಳಿಯೇ ಗುಂಯ್ಗುಡುತ್ತದೆ. ವಾದ್ಯದ ಬಾಯಿ ನೆಲಕ್ಕೆ ಮುಚ್ಚಿಕೊಂಡಿದ್ದರೆ ಆ ಮಂದ್ರ ಉಸಿರುಗಟ್ಟುತ್ತದೆ. ಹಾಗಾಗಿ ಕುಳಿತು ನುಡಿಸುವವರು ವಾದ್ಯವನ್ನು ಮೊಣಕಾಲುಗಳ ನಡುವೆ ಹಿಡಿದು ತುಸು ವಾಲಿಸುತ್ತಾರೆ.

ಗಾತ್ರದ ವಿಷಯದಲ್ಲಿ ಒಂದು ಲೆಕ್ಕ ನನಗೆ ಬಹಳ ಇಷ್ಟ. ಈ ವಾದ್ಯ ಮೂರು ಗಾತ್ರಗಳಲ್ಲಿ ಬರುತ್ತದೆ, ನಡುವಿನದಕ್ಕೂ ಕಾಂಗಾ ಎಂದೇ ಹೆಸರು: ಸಾಮಾನ್ಯವಾಗಿ ಕಿಂಟೋ 11 ಇಂಚು, ಕಾಂಗಾ 11.75, ಟುಂಬಾ 12.5 ಇಂಚು ಅಗಲ. ಕಾಂಗಾವನ್ನು ಟುಂಬಾಗಿಂತ ಷಡ್ಜ-ಮಧ್ಯಮದ ಅಂತರದಷ್ಟು, ಅಂದರೆ 4:3 ಅನುಪಾತದಲ್ಲಿ, ಎತ್ತರಿಸುವುದು ವಾಡಿಕೆ. ಆದರೆ ಅಗಲದ ವ್ಯತ್ಯಾಸದಿಂದ ಸಿಗುವುದು ಸುಮಾರು ಅರ್ಧ ಸ್ವರವಷ್ಟೇ. ಉಳಿದದ್ದೆಲ್ಲ ಬಿಗಿತದಿಂದ ಬರಬೇಕು. ಕಂಪನಸಂಖ್ಯೆ ಬಿಗಿತದ ವರ್ಗಮೂಲದಂತೆ ಏರುವುದರಿಂದ, ಎರಡರದೂ ಒಂದೇ ದಪ್ಪದ ತೊಗಲಾದರೆ ಕಾಂಗಾದ ಬಿಗಿತ ಟುಂಬಾದ ಸುಮಾರು 1.6 ಪಟ್ಟು ಇರಬೇಕು.

ಹಿಂದೆ ತೊಗಲನ್ನು ಮೊಳೆ ಹೊಡೆದು ಕೂರಿಸಿ, ಬೆಂಕಿಯ ಕಾವಿಗೆ ಹಿಡಿದು ಶ್ರುತಿ ಏರಿಸುತ್ತಿದ್ದರು. ಈಗ ಐದಾರು ಕೊಕ್ಕೆ ಬೋಲ್ಟುಗಳಿವೆ. ಪ್ರತಿ ನಟ್ಟನ್ನು ಕಾಲು ಸುತ್ತು ತಿರುಗಿಸುತ್ತ ಸುತ್ತು ಬರಬೇಕು. ಒಂದನ್ನೇ ಎಳೆದರೆ ತೊಗಲನ್ನು ಹಿಡಿದ ಉಂಗುರ ವಾಲುತ್ತದೆ. ಪ್ರತಿ ಬೋಲ್ಟಿನ ಬಳಿ, ಅಂಚಿನಿಂದ ಇಂಚು ಒಳಗೆ ತಟ್ಟಿ ಕೇಳಬೇಕು. ಒಂದು ಕಡೆ ಸಡಿಲವಿದ್ದರೆ, ಸಮಬಿಗಿತದಲ್ಲಿ ಒಂದೇ ಆಗಿರುತ್ತಿದ್ದ ಕಂಪನ ಎರಡು ಹತ್ತಿರದ ಶ್ರುತಿಗಳಾಗಿ ಒಡೆದು ನಾದ ಅಲುಗಾಡುತ್ತದೆ. ಮೃದಂಗದ ಅಂಚು ತಟ್ಟಿ ಶ್ರುತಿ ಮಾಡುವವರಿಗೆ ಈ ಅಲುಗಾಟ ಚೆನ್ನಾಗಿ ಗೊತ್ತು.

ಅಂದಹಾಗೆ, ಕ್ಯೂಬಾದಲ್ಲೇ ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಮೂಲದ ಬಾಟಾ ಎಂಬ ಇಬ್ಬಾಯಿಯ ಮೂರು ವಾದ್ಯಗಳಿವೆ. ಮೂರರಲ್ಲಿ ದೊಡ್ಡದಾದ ಇಯಾದ ಅಗಲದ ಬಾಯಿಗೆ ಅಂಟು ಲೇಪ ಹಚ್ಚಿ ದನಿ ತಗ್ಗಿಸುತ್ತಾರೆ. ಮೃದಂಗದ ಎಡಬದಿಗೆ ರವೆ ಮೆತ್ತುವುದರ ಹಿಂದೆಯೂ ಇದೇ ತತ್ವವಿದೆ: ತೂಕ ಹೆಚ್ಚಿದರೆ ಕಂಪನ ನಿಧಾನ.

ತೊಗಲಿಗೆ ಹವೆಯೇ ದೊಡ್ಡ ಶತ್ರು. ಮಳೆಗಾಲದಲ್ಲಿ ಅದು ತೇವ ಹೀರಿ ಸಡಿಲವಾಗುತ್ತದೆ. ಆಗ ನಟ್ಟು ಬಿಗಿದು ಹಾಗೇ ಬಿಟ್ಟರೆ, ಒಣ ದಿನ ಬಂದಾಗ ಕುಗ್ಗಿ ಅಂಚಿನಲ್ಲಿ ಸೀಳಬಹುದು. ನುಡಿಸಿ ಮುಗಿಸಿದೊಡನೆ ಪ್ರತಿ ನಟ್ಟನ್ನೂ ಸಮವಾಗಿ ಸಡಿಲಿಸಿ, ಎಷ್ಟು ಸುತ್ತು ಬಿಟ್ಟಿರೆಂದು ನೆನಪಿಟ್ಟುಕೊಳ್ಳಿ. ಮರುದಿನ ಅಷ್ಟೇ ಸುತ್ತು ಬಿಗಿದರೆ ಶ್ರುತಿ ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ. ಉಳಿದದ್ದನ್ನು ಕಿವಿಯಿಂದ ಸರಿಪಡಿಸಿಕೊಳ್ಳಬಹುದು.