ಟಿಸಿಯ ‘ದಕ್ಷತೆ’: ಯಾವ ಲೋಡಿನಲ್ಲಿ, ಎಷ್ಟು ಹೊತ್ತು?

‘ಈ ಟಿಸಿ ಶೇ. 80 ಲೋಡಿನಲ್ಲಿದೆ, ಅಂದರೆ ಅದರ ದಕ್ಷತೆ 80’ ಎಂಬ ಮಾತು ಮತ್ತೆ ಕಣ್ಣಿಗೆ ಬಿತ್ತು. ಟಿಸಿ ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರ್. ಅದರ ಸಾಮರ್ಥ್ಯದಲ್ಲಿ ಎಷ್ಟು ಪಾಲು ಬಳಕೆಯಾಗುತ್ತಿದೆ ಎಂಬುದು ಲೋಡಿಂಗ್. ಒಳಗೆ ಹೋದದ್ದರಲ್ಲಿ ಎಷ್ಟು ಹೊರಗೆ ಬಂತು ಎಂಬುದು ದಕ್ಷತೆ. ದಕ್ಷತೆ ನಿಜಕ್ಕೂ 80 ಆಗಿದ್ದರೆ, 80 ಕಿಲೋವ್ಯಾಟ್ ಹೊರಗೆ ಕೊಡುವಾಗ 20 ಕಿಲೋವ್ಯಾಟ್ ಒಳಗೇ ಶಾಖವಾಗುತ್ತಿತ್ತು. 100 ಕೆವಿಎ (ಕಿಲೋವೋಲ್ಟ್-ಆಂಪಿಯರ್) ಟಿಸಿಯ ರೇಡಿಯೇಟರುಗಳು ಹೊರಹಾಕಬೇಕಾದದ್ದು ಸುಮಾರು ಎರಡು ಕಿಲೋವ್ಯಾಟ್ ಮಾತ್ರ. ಇಪ್ಪತ್ತಾದರೆ ವೈಂಡಿಂಗ್, ಅಂದರೆ ಒಳಗಿನ ತಂತಿಸುರುಳಿ, ಸುಟ್ಟೇ ಹೋಗುತ್ತದೆ.

ಗೊಂದಲದ ಬೇರು ಪದದಲ್ಲೇ ಇದೆ. ಸಂಸ್ಕೃತದ ‘ದಕ್ಷ’ ಶಬ್ದಕ್ಕೆ ಬಲ, ಜಾಣ್ಮೆ, ಕೈಚಳಕ ಎಂಬ ಅರ್ಥಗಳೆಲ್ಲ ಇವೆ. ಬಲಗೈಯನ್ನು ಹೇಳುವ ‘ದಕ್ಷಿಣ’ವೂ ಇದೇ ಬೇರಿನದು. ಹಾಗಾಗಿ ಮನುಷ್ಯರ ವಿಷಯದಲ್ಲಿ ‘ದಕ್ಷ ಅಧಿಕಾರಿ’ ಎಂದರೂ ‘ಸಮರ್ಥ ಅಧಿಕಾರಿ’ ಎಂದರೂ ನಡೆಯುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಯಂತ್ರದ ವಿಷಯದಲ್ಲಿ ಇದು ನಡೆಯುವುದಿಲ್ಲ. ಸಾಮರ್ಥ್ಯವನ್ನು ಕೆವಿಎಯಲ್ಲಿ ಅಳೆಯುತ್ತೇವೆ, ದಕ್ಷತೆಗೆ ಏಕಮಾನವೇ ಇಲ್ಲ, ಅದು ಬರೀ ಅನುಪಾತ. ‘ದಕ್ಷತೆ ಹೆಚ್ಚಿಸಲು 63ರ ಬದಲು 100 ಕೆವಿಎ ಕೂರಿಸಿದರು’ ಎಂದು ಬರೆದರೆ ತಪ್ಪು. ಹೆಚ್ಚಿದ್ದು ಸಾಮರ್ಥ್ಯ. ಅಲ್ಲಿನ ಲೋಡು ಕಡಿಮೆಯಿದ್ದರೆ ದಕ್ಷತೆ ಇಳಿದಿರಲೂಬಹುದು.

ಇಳಿಯುವುದು ಹೇಗೆಂದರೆ, ಟಿಸಿಯ ನಷ್ಟ ಎರಡು ಬಗೆಯದು. ಕೋರಿನ (ಸುರುಳಿಗಳ ನಡುವಿನ ಉಕ್ಕಿನ ತಿರುಳಿನ) ನಷ್ಟ ಲೋಡನ್ನು ಕೇಳುವುದಿಲ್ಲ. ಮಧ್ಯರಾತ್ರಿ ಊರೆಲ್ಲ ಮಲಗಿದಾಗಲೂ ಕಂಬದ ಮೇಲಿಂದ ಗುಂಯ್ ಎನ್ನುವ ಸದ್ದು ಬರುತ್ತದಲ್ಲ, ಅದು ಕಾಂತಕ್ಷೇತ್ರ ತಿರುಮುರುವಾದಂತೆಲ್ಲ ಕೋರಿನ ಉಕ್ಕಿನ ಹಾಳೆಗಳು ಕೂದಲೆಳೆಯಷ್ಟೂ ಅಲ್ಲದೆ ಹಿಗ್ಗಿ ಕುಗ್ಗುವ ಸದ್ದು. ಸದ್ದಿದೆಯೆಂದರೆ ಕೋರಿಗೆ ವೋಲ್ಟೇಜ್ ಇದೆ, ಆ ನಷ್ಟವೂ ನಡೆದೇ ಇದೆ. ವೈಂಡಿಂಗಿನ ನಷ್ಟವಾದರೋ ಲೋಡಿನ ವರ್ಗದಂತೆ ಏರುತ್ತದೆ: ಲೋಡು ಅರ್ಧವಾದರೆ ನಷ್ಟ ಕಾಲುಭಾಗ.

ಆದ್ದರಿಂದ ವಿತರಣಾ ಟಿಸಿಗೆ ಬೇಕಾದ ಪದ ‘ದಿನದ ದಕ್ಷತೆ’: 24 ಗಂಟೆಯಲ್ಲಿ ಹೊರಗೆ ಬಂದ ಯೂನಿಟ್‌ಗಳನ್ನು ಒಳಗೆ ಹೋದ ಯೂನಿಟ್‌ಗಳಿಂದ ಭಾಗಿಸಿದ್ದು. ಎರಡು 100 ಕೆವಿಎ ಟಿಸಿಗಳನ್ನು ಇಟ್ಟು ನೋಡೋಣ. ಮೊದಲನೆಯದರ ಕೋರ್ ನಷ್ಟ 260 ವ್ಯಾಟ್, ಪೂರ್ಣ ಲೋಡಿನ ವೈಂಡಿಂಗ್ ನಷ್ಟ 1760. ಎರಡನೆಯದರಲ್ಲಿ 400 ಮತ್ತು 1300. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಪಾಲು ನಿಜವಾದ ಕಿಲೋವ್ಯಾಟ್ ಎಂಬ ಅನುಪಾತ) 1 ಎಂದಿಟ್ಟುಕೊಂಡರೆ ಪೂರ್ಣ ಲೋಡಿನಲ್ಲಿ ಮೊದಲನೆಯದು ಶೇ. 98.02, ಎರಡನೆಯದು 98.33. ಎರಡನೆಯದೇ ಮೇಲು ಅನಿಸುತ್ತದೆ. ಈಗ ದಿನಕ್ಕೆ 6 ಗಂಟೆ 50 ಕಿಲೋವ್ಯಾಟ್, ಉಳಿದ 18 ಗಂಟೆ ಬರೀ 10 ಕಿಲೋವ್ಯಾಟ್ ಲೋಡು ಕೊಡಿ. ಹೊರಗೆ ಬರುವುದು 480 ಯೂನಿಟ್. ಮೊದಲನೆಯದು ಕಳೆಯುವುದು 9.2 ಯೂನಿಟ್, ಎರಡನೆಯದು 11.8. ದಿನದ ದಕ್ಷತೆ 98.12 ಮತ್ತು 97.60, ಲೆಕ್ಕ ತಿರುಗಿಬಿತ್ತು. ವರ್ಷಕ್ಕೆ 940 ಯೂನಿಟ್‌ಗೂ ಹೆಚ್ಚು ವ್ಯತ್ಯಾಸ, ಒಂದೇ ಟಿಸಿಯಲ್ಲಿ. ಲೋಡನ್ನೂ ಹೊತ್ತನ್ನೂ ಹೇಳದೆ ‘ದಕ್ಷತೆ 98’ ಎಂದು ಬರೆಯುವವರು ಓದುಗರ ಕೈಗೆ ಏನನ್ನೂ ಕೊಟ್ಟಂತಾಗುವುದಿಲ್ಲ.

ಎರಡೂ ಕಡೆ ಮೀಟರ್ ಇಟ್ಟು ಕಳೆದರಾಯಿತಲ್ಲ ಎನ್ನುವವರಿದ್ದಾರೆ. ಶೇ. 0.5 ತಪ್ಪುವ ಎರಡು ಮೀಟರುಗಳು, ಒಂದು ಹೆಚ್ಚು ಒಂದು ಕಡಿಮೆ ತೋರಿಸಿದರೆ, 100 ಕಿಲೋವ್ಯಾಟಿನಲ್ಲಿ ಸುಮಾರು 1000 ವ್ಯಾಟ್ ತಪ್ಪಾಗುತ್ತದೆ. ನಾವು ಹುಡುಕುತ್ತಿರುವ ನಷ್ಟವೇ ಸುಮಾರು 2000. ಹಾಗಾಗಿ ನಷ್ಟಗಳನ್ನೇ ಬೇರೆಬೇರೆಯಾಗಿ ಅಳೆಯಬೇಕು. ಕೋರ್ ನಷ್ಟಕ್ಕೆ ಎಲ್‌ಟಿ (ಕಡಿಮೆ ವೋಲ್ಟೇಜಿನ) ಕಡೆ ಪೂರ್ಣ ವೋಲ್ಟೇಜ್ ಕೊಟ್ಟು ಎಚ್‌ಟಿ (ಹೆಚ್ಚು ವೋಲ್ಟೇಜಿನ) ಕಡೆ ತೆರೆದಿಡುತ್ತಾರೆ. ತೆರೆದ ಬುಶಿಂಗುಗಳಲ್ಲಿ (ತಂತಿ ಹೊರಬರುವ ತುದಿಗಳಲ್ಲಿ) ಪೂರ್ಣ ಎಚ್‌ಟಿ ವೋಲ್ಟೇಜೇ ಇರುತ್ತದೆ, ಹತ್ತಿರ ಯಾರೂ ಸುಳಿಯದಂತೆ ಬೇಲಿ ಬೇಕು. ಇಲ್ಲಿ ಪವರ್ ಫ್ಯಾಕ್ಟರ್ ತೀರಾ ಕಡಿಮೆ, ಸಾಮಾನ್ಯ ವ್ಯಾಟ್‌ಮೀಟರನ್ನು ನಂಬುವಂತಿಲ್ಲ. ವೈಂಡಿಂಗ್ ನಷ್ಟಕ್ಕೆ ಎಲ್‌ಟಿ ಕಡೆ ಶಾರ್ಟ್ ಮಾಡಿ, ಎಚ್‌ಟಿ ಕಡೆಯಿಂದ ಪೂರ್ಣ ಕರೆಂಟ್ ಹರಿಯುವಷ್ಟು ವೋಲ್ಟೇಜ್ ಮಾತ್ರ ಕೊಡುತ್ತಾರೆ. 11,000 ವೋಲ್ಟಿನ ಟಿಸಿಯ ಇಂಪಿಡೆನ್ಸ್ (ಆ ವೋಲ್ಟೇಜ್ ಪೂರ್ಣ ವೋಲ್ಟೇಜಿನ ಎಷ್ಟು ಪಾಲು ಎಂಬುದು) ಶೇ. 4.5 ಆಗಿದ್ದರೆ 495 ವೋಲ್ಟ್ ಸಾಕು. ಶಾರ್ಟ್ ಮಾಡುವ ಪಟ್ಟಿ ತೆಳುವಾಗಿದ್ದರೆ, ಬೋಲ್ಟು ಸಡಿಲವಾಗಿದ್ದರೆ ಅವುಗಳ ಶಾಖವೂ ಟಿಸಿಯ ಲೆಕ್ಕಕ್ಕೇ ಸೇರುತ್ತದೆ. ತಣ್ಣಗಿದ್ದಾಗ ಅಳೆದದ್ದನ್ನು 75 ಡಿಗ್ರಿಗೆ ತಿದ್ದುವುದನ್ನೂ ಮರೆಯಬಾರದು: ತಾಮ್ರದ ರೋಧ 30 ಡಿಗ್ರಿಯಿಂದ 75ಕ್ಕೆ ಸುಮಾರು ಶೇ. 17 ಏರುತ್ತದೆ.

ಆಮೇಲೆ ಎಲ್‌ಟಿ ಕಡೆ ಲಾಗರ್ ಕೂರಿಸಿ ಹದಿನೈದು ನಿಮಿಷಕ್ಕೊಮ್ಮೆ ಲೋಡು ದಾಖಲಿಸಿ, ಪ್ರತಿ ದಾಖಲೆಗೂ ಪ್ರತ್ಯೇಕವಾಗಿ ವರ್ಗ ಹಾಕಿ ಕೂಡಬೇಕು. ಬಹಳ ಜನ ಮೊದಲು ಸರಾಸರಿ ತೆಗೆದು ಆಮೇಲೆ ವರ್ಗ ಹಾಕುತ್ತಾರೆ. ಮೇಲಿನ ಮೊದಲ ಟಿಸಿಯಲ್ಲಿ ಸರಾಸರಿ ಲೋಡು 20 ಕಿಲೋವ್ಯಾಟ್. ಆ ದಾರಿಯಲ್ಲಿ ವೈಂಡಿಂಗ್ ನಷ್ಟ ದಿನಕ್ಕೆ 1.69 ಯೂನಿಟ್ ಎಂದು ಬರುತ್ತದೆ. ನಿಜವಾದ ನಷ್ಟ 2.96.