ಕಾಯಿಲೆಯ ಹೆಸರು ಹುಡುಕುವುದು ಮ್ಯಾನೇಜರ್ ಕೆಲಸವಲ್ಲ

ಮಾನಸಿಕ ಕಾಯಿಲೆಯ ಬಗ್ಗೆ ನಮ್ಮಲ್ಲಿದ್ದ 1912ರ ಕಾಯ್ದೆಯ ಹೆಸರೇ ‘ಇಂಡಿಯನ್ ಲೂನಸಿ ಆಕ್ಟ್’, ಅಂದರೆ ಹುಚ್ಚಿನ ಕಾಯ್ದೆ. ಅದರ ಜಾಗಕ್ಕೆ 1987ರಲ್ಲಿ ಹೊಸ ಕಾಯ್ದೆ ಪಾಸಾಯಿತು, ಜಾರಿಗೆ ಬಂದದ್ದು 1993ರಲ್ಲಿ. ಎರಡಕ್ಕೂ ಮುಖ್ಯ ಚಿಂತೆ ಒಂದೇ: ಯಾರನ್ನು ಆಸ್ಪತ್ರೆಗೆ ಸೇರಿಸಬೇಕು, ಯಾವಾಗ ಬಿಡಬೇಕು. ದಿನಾ ಡ್ಯೂಟಿಗೆ ಬರುತ್ತಲೇ ಖಿನ್ನತೆಯಲ್ಲಿ ನವೆಯುವವರು ಲೆಕ್ಕಕ್ಕೇ ಬರಲಿಲ್ಲ. ‘ತಲೆ ಸರಿಯಿಲ್ಲ’ ಎಂಬ ಆಫೀಸಿನ ಪಿಸುಮಾತಿಗೆ ಇಷ್ಟು ಹಳೆಯ ಬೇರಿದೆ.

ಕೆಲಸವೇ ಮನಸ್ಸನ್ನು ಕೆಡಿಸಬಲ್ಲದು ಎಂಬ ಯೋಚನೆ ಹೊರದೇಶಗಳಿಂದ ಬಂತು. ಹೊರೆ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆನ್ನುವುದರಲ್ಲಿ ನೌಕರರ ಮಾತು ನಡೆಯದಿದ್ದರೆ ಒತ್ತಡ ಮಿತಿ ಮೀರುತ್ತದೆ ಎಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಬ್ರಿಟನ್ 2004ರಲ್ಲಿ ಇದನ್ನೇ ಹಿಗ್ಗಿಸಿ ಆರು ಅಂಶಗಳ ಮಾನದಂಡ ತಂದಿತು: ಹೊರೆ, ಹಿಡಿತ, ಬೆಂಬಲ, ಸಂಬಂಧ, ಜವಾಬ್ದಾರಿಯ ಸ್ಪಷ್ಟತೆ, ಬದಲಾವಣೆ ತರುವ ರೀತಿ. ನೌಕರರ ಮಾನಸಿಕ ಆರೋಗ್ಯದ ಬಗ್ಗೆ ಮ್ಯಾನೇಜರುಗಳಿಗೆ ತರಬೇತಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 2022ರಲ್ಲಿ.

ಅಷ್ಟರಲ್ಲಿ ನಮ್ಮ ಕಾನೂನೂ ಬದಲಾಗಿತ್ತು. ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿತು. ಮಾನಸಿಕ ವೈಕಲ್ಯವೂ ಒಂದು ಕಾರಣವಾಗಿದ್ದ ನಡತೆಗೆ ಶಿಸ್ತು ಕ್ರಮ ಹೂಡುವುದು ಪರೋಕ್ಷ ತಾರತಮ್ಯ ಎಂದು 2021ರ ಡಿಸೆಂಬರಿನಲ್ಲಿ, ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಆದರೂ ಬಹಳಷ್ಟು ಕಡೆ ತರಬೇತಿಯೆಂದರೆ ಅರ್ಧ ದಿನದ ಭಾಷಣ, ಕೊನೆಗೆ ಹತ್ತು ನಿಮಿಷದ ಪ್ರಾಣಾಯಾಮ. ಮಾರನೆಯ ದಿನ ಮ್ಯಾನೇಜರ್ ಅರ್ಧ ಡಾಕ್ಟರಾಗಿಬಿಡುತ್ತಾರೆ: “ನಿಮಗೆ ಡಿಪ್ರೆಶನ್ ಇರಬೇಕು.” ಅಲ್ಲಿಗೆ ಎದುರಿನವರ ಬಾಯಿ ಬಂದ್. ಕಣ್ಣಿಗೆ ಬಿದ್ದದ್ದನ್ನಷ್ಟೇ ಹೇಳಬೇಕು: “ಎರಡು ವಾರದಿಂದ ರಿಪೋರ್ಟ್ ತಡವಾಗ್ತಿದೆ, ಊಟಕ್ಕೂ ನಮ್ ಜೊತೆ ಬರ್ತಿಲ್ಲ. ಹೇಗಿದ್ದೀರಿ?” ಆಮೇಲೆ ಸುಮ್ಮನಿರಬೇಕು, ಕಷ್ಟವಾಗುವುದು ಅದೇ. ಬಾಗಿಲು ಮುಚ್ಚಿದ ಕೋಣೆ ಬೇಕು, ಅಪ್ರೈಸಲ್ ಮೀಟಿಂಗಿಗೆ ಇದನ್ನು ಅಂಟಿಸಬಾರದು. “ಯಾರಿಗೂ ಹೇಳಲ್ಲ” ಎಂಬ ಮಾತನ್ನೂ ಕೊಡಬಾರದು. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಕೂಡಲೇ ನೆರವು ಕರೆಯಬೇಕಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಚಿಕಿತ್ಸೆ ಶುರುವಾದ ಮೇಲೆ ಇನ್ನೊಂದು ಎಡವಟ್ಟು. ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಮ್ಯಾನೇಜರ್ ಒಂದೇ ವಾರಕ್ಕೆ “ಇನ್ನೂ ಹಾಗೇ ಇದ್ದಾರೆ” ಎಂದು ತೀರ್ಮಾನಿಸುತ್ತಾರೆ. ಕೆಲವು ಮಾತ್ರೆಗಳಿಂದ ಬೆಳಿಗ್ಗೆ ಮಂಪರು ಇರುತ್ತದೆ. ಅಂಥವರಿಗೆ ಒಂಬತ್ತರ ಬದಲು ಹನ್ನೊಂದಕ್ಕೆ ಬರಲು ಬಿಟ್ಟರೆ, ನೈಟ್ ಶಿಫ್ಟ್ ತಪ್ಪಿಸಿದರೆ, ಒಂದು ವಾರ ರಜೆ ಕೊಡುವುದಕ್ಕಿಂತ ಹೆಚ್ಚು ಉಪಕಾರ.

ಹೊರೆ ಇಳಿಸಿದ್ದನ್ನು ಬರೆದಿಡಬೇಕು: ಯಾವ ಕೆಲಸ, ಎಲ್ಲಿಯವರೆಗೆ, ಈಗ ಯಾರ ಪಾಲಿಗೆ. ಈ ಮೂರನೆಯದನ್ನೇ ಎಲ್ಲರೂ ಮರೆಯುವುದು. ಆಗ ಇಳಿಸಿದ ಕೆಲಸ ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ಅದೇ ಮನುಷ್ಯನ ಹತ್ತಿರ ವಾಪಸ್ ಬರುತ್ತದೆ. ಇಲ್ಲವೇ ಪಕ್ಕದ ಸೀಟಿನವರ ತಲೆಗೆ ಬಿದ್ದು, “ಅವ್ರಿಗೇನಪ್ಪ, ಆರಾಮ” ಎಂಬ ಗೊಣಗಾಟ ಶುರುವಾಗುತ್ತದೆ.